ದೀರ್ಘಕಾಲೀನ ಕಾಯಿಲೆಗಳ ತಂಡ ಆರೈಕೆ: ಸಮಾಜ ಕಾರ್ಯಕರ್ತರ ತರಬೇತಿಯಲ್ಲಿ ಗ್ರಾಮ ಪಂಚಾಯತಿಯ ಹೊಣೆ



ಎಳ್ಳಮಾವಾಸ್ಯೆ ಕಳೆದ ವಾರದಲ್ಲಿ ಇಜೇರಿ ಭಾಗದ ಮಹಿಳೆಯೊಬ್ಬರು ಪಂಚಾಯತಿ ಕಚೇರಿಗೆ ಬಂದು ತಮ್ಮ ಅತ್ತೆಗೆ ಗಾಲಿ ಕುರ್ಚಿ ಬೇಕೆಂದು ಅರ್ಜಿ ಕೊಟ್ಟರು. ಅತ್ತೆಗೆ ಐವತ್ತೈದು ದಾಟಿರಲಿಲ್ಲ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದಿದ್ದವು. ಅರ್ಜಿಯೊಂದಿಗೆ ಲಗತ್ತಿಸಿದ್ದ ಕಾಗದಗಳನ್ನು ನೋಡುವಾಗ ಹಳೆಯ ತಪಾಸಣಾ ಚೀಟಿಯೊಂದು ಕೈಗೆ ಸಿಕ್ಕಿತು. ಹದಿನಾಲ್ಕು ತಿಂಗಳ ಹಿಂದೆಯೇ ಅವರಿಗೆ ಅಧಿಕ ರಕ್ತದೊತ್ತಡವಿರುವುದು ಪತ್ತೆಯಾಗಿತ್ತು, ಒಂದು ತಿಂಗಳ ಗುಳಿಗೆಯನ್ನೂ ಕೊಡಲಾಗಿತ್ತು. ಆ ಬಳಿಕ ಏನಾಯಿತೆಂದು ಕೇಳಿದೆ. "ಗುಳಿಗಿ ಮುಗದಿದ್ವು ರೀ ಸರ, ಏನೂ ತ್ರಾಸ ಇರ್ಲಿಲ್ಲ. ಮಗನ ಜೊತಿ ಪುಣೆಕ್ಕ ದುಡ್ಯಾಕ ಹೋದ್ರು, ಅಲ್ಲಿ ಬಿಟ್ಟೇಬಿಟ್ರು ರೀ" ಎಂದು ಆ ಸೊಸೆ ಹೇಳಿದರು.

ಈ ಪ್ರಕರಣದಲ್ಲಿ ತಪ್ಪು ಮಾಡಿದವರು ಯಾರೆಂದು ಹುಡುಕಿದರೆ ಒಬ್ಬರೂ ಸಿಗುವುದಿಲ್ಲ. ತಪಾಸಣೆ ನಡೆದಿತ್ತು, ವಹಿಯಲ್ಲಿ ಹೆಸರಿತ್ತು, ಗುರಿಯ ಅಂಕಣದಲ್ಲಿ ಅವರು 'ಪೂರ್ಣಗೊಂಡವರು'. ಎರಡನೆಯ ತಿಂಗಳು ಅವರು ಗುಳಿಗೆಗೆ ಬಾರದಿದ್ದಾಗ ಮನೆಯ ಬಾಗಿಲಿಗೆ ಹೋಗಿ ವಿಚಾರಿಸುವುದು ಯಾರ ಕೆಲಸವೆಂದು ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಗ್ರಾಮ ಪಂಚಾಯತಿಯ ಕಣ್ಣಿಗೆ ಆ ತಾಯಿ ಬಿದ್ದದ್ದು ಗಾಲಿ ಕುರ್ಚಿ ಬೇಕಾದ ದಿನವೇ. ಈ ಲೇಖನದ ವಿಷಯ ಆ ಹದಿನಾಲ್ಕು ತಿಂಗಳ ಅಂತರ, ಮತ್ತು ಅದನ್ನು ತುಂಬಬಲ್ಲ ಕಾರ್ಯಕರ್ತರನ್ನು ಸಿದ್ಧಪಡಿಸುವ ಬಗೆ.

ನಾನು ಓದಿದ್ದು ಎಂಜಿನಿಯರಿಂಗ್. ಈ ಹುದ್ದೆಗೆ ಬಂದ ಹೊಸದರಲ್ಲಿ ಆರೋಗ್ಯವೆಂದರೆ ಆರೋಗ್ಯ ಇಲಾಖೆಯ ವಿಷಯವೆಂದೇ ತಿಳಿದಿದ್ದೆ. ನನ್ನ ಕಣ್ಣು ತೆರೆಸಿದ್ದು ಕುಡಿಯುವ ನೀರಿನ ಕೆಲಸ. ಮೇಲ್ತೊಟ್ಟಿ ಕಟ್ಟಿ, ಕೊಳವೆ ಹಾಕಿ, ಮೋಟಾರು ಕೂರಿಸಿ ಉದ್ಘಾಟನೆ ಮಾಡಿದರೆ ಮನೆಗೆ ನೀರು ಬರುವುದಿಲ್ಲ. ಪ್ರತಿದಿನ ವಾಲ್ವ್ ತಿರುಗಿಸುವ, ಎಲ್ಲಿ ಸೋರುತ್ತಿದೆ, ಯಾವ ಓಣಿಗೆ ಏರುತ್ತಿಲ್ಲ ಎಂದು ಬಲ್ಲ ನೀರುಗಂಟಿ ಇದ್ದರಷ್ಟೇ ಬರುತ್ತದೆ. ಜ್ವರ, ವಾಂತಿ-ಭೇದಿಗಳಿಗೆ ಒಮ್ಮೆ ಔಷಧಿ ಕೊಟ್ಟರೆ ಕೆಲಸ ಮುಗಿಯಬಹುದು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂರ್ಛೆ ರೋಗ, ದೀರ್ಘಕಾಲದ ಮಾನಸಿಕ ಕಾಯಿಲೆ, ಆನೆಕಾಲು ಇವೆಲ್ಲ ಹತ್ತಾರು ವರ್ಷಗಳ ನಿರ್ವಹಣೆಯನ್ನು ಬೇಡುವ ಕಾಯಿಲೆಗಳು. ವೈದ್ಯರು ರೋಗಿಯನ್ನು ನೋಡುವುದು ತಿಂಗಳಿಗೆ ಹತ್ತು ನಿಮಿಷ, ಅದೂ ರೋಗಿ ಆಸ್ಪತ್ರೆಗೆ ಬಂದರೆ. ಉಳಿದ ದಿನಗಳೆಲ್ಲ ಕಳೆಯುವುದು ಮನೆಯಲ್ಲಿ, ಹೊಲದಲ್ಲಿ, ವಲಸೆಯ ಊರಿನಲ್ಲಿ.

ತಂಡ ಆರೈಕೆ ಎಂಬುದು ಈ ಉಳಿದ ದಿನಗಳನ್ನೂ ಚಿಕಿತ್ಸೆಯ ಭಾಗವೆಂದು ಎಣಿಸಿ ಕೆಲಸ ಹಂಚಿಕೊಳ್ಳುವ ಕ್ರಮ. ರೋಗ ನಿರ್ಣಯ ಮತ್ತು ಔಷಧಿಯ ಪ್ರಮಾಣ ವೈದ್ಯಾಧಿಕಾರಿಗಳದು. ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿಗಳು ಮರುತಪಾಸಣೆ ನಡೆಸಿ ಔಷಧಿ ವಿತರಿಸುತ್ತಾರೆ. ಪ್ರಾಥಮಿಕ ಆರೋಗ್ಯ ಸುರಕ್ಷಾ ಅಧಿಕಾರಿಗಳು ಹಾಗೂ ಆಶಾ ಕಾರ್ಯಕರ್ತೆಯರು 30 ವರ್ಷ ಮೇಲ್ಪಟ್ಟವರ ಪಟ್ಟಿ ಮಾಡಿ ಮೊದಲ ಹಂತದ ಪ್ರಶ್ನಾವಳಿ ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ದೈಹಿಕ ಶ್ರಮ, ಮನೆತನದಲ್ಲಿ ಕಾಯಿಲೆ ಇವುಗಳಿಗೆ ಅಂಕ ನೀಡಲಾಗುತ್ತದೆ. ಅಂಕ 4ನ್ನು ಮೀರಿದವರನ್ನು ಮೊದಲು ತಪಾಸಣೆಗೆ ಕರೆತರಬೇಕೆಂಬುದು ನಿಯಮ. 2024ರ ಅಕ್ಟೋಬರ್‌ನಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭವಾಗಿ ಬಳಿಕ ಇತರ ಜಿಲ್ಲೆಗಳಿಗೂ ವಿಸ್ತರಣೆಯಾದ ರಾಜ್ಯ ಸರ್ಕಾರದ 'ಗೃಹ ಆರೋಗ್ಯ' ಯೋಜನೆಯು ತಪಾಸಣೆಯನ್ನೂ ಔಷಧಿಯನ್ನೂ ಮನೆಯ ಬಾಗಿಲಿಗೆ ತಂದಿದೆ. ಇಷ್ಟೆಲ್ಲ ಇದ್ದರೂ ಖಾಲಿ ಉಳಿದಿರುವ ಸ್ಥಾನವೊಂದಿದೆ. ರೋಗಿಯ ಮನೆಯ ಪರಿಸ್ಥಿತಿಯನ್ನು ಅರಿತು, ಗುಳಿಗೆ ನಿಂತದ್ದೇಕೆ ಎಂದು ತಿಳಿದು, ಪಿಂಚಣಿ, ಪಡಿತರ, ಅಂಗವಿಕಲತೆಯ ಗುರುತಿನ ಚೀಟಿ ಮುಂತಾದವನ್ನು ಚಿಕಿತ್ಸೆಯೊಂದಿಗೆ ಜೋಡಿಸುವವರ ಸ್ಥಾನ ಅದು. ಅದೇ ಸಮಾಜ ಕಾರ್ಯಕರ್ತರ ಸ್ಥಾನ.

'ನಮ್ಮ ಪಂಚಾಯತಿಗೆ ಸಮಾಜ ಕಾರ್ಯಕರ್ತರ ಹುದ್ದೆಯೇ ಮಂಜೂರಾಗಿಲ್ಲವಲ್ಲ' ಎಂದು ಸದಸ್ಯರು ಕೇಳುವುದು ಸಹಜ. ಹುದ್ದೆ ಇಲ್ಲದಿದ್ದರೂ ಜನರಿದ್ದಾರೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯತಿ ಮಟ್ಟದಲ್ಲಿಯೇ ಕೆಲಸ ಮಾಡುತ್ತಾರೆ. ಅವರು ಸ್ವತಃ ವಿಶೇಷ ಚೇತನರಾದ್ದರಿಂದ ರೋಗಿಯ ಮನೆಯಲ್ಲಿ ಅವರ ಮಾತಿಗೆ ಬೇರೆಯದೇ ತೂಕವಿದೆ. ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ಓಣಿಯ ಪ್ರತಿ ಮನೆಯ ಪರಿಚಯವಿದೆ. ಅರಿವು ಕೇಂದ್ರದ ಮೇಲ್ವಿಚಾರಕರಿಗೆ ವಲಸೆ ಹೋದವರ, ಮರಳಿದವರ ಸುದ್ದಿ ಬೇಗ ತಿಳಿಯುತ್ತದೆ. ಇನ್ನು ಪದವಿ ಪಡೆಯುತ್ತಿರುವವರನ್ನು ನೋಡಿದರೆ, ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲಿಯೂ ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿಯೂ ಸಮಾಜಕಾರ್ಯ ವಿಭಾಗಗಳಿವೆ. ಕ್ಷೇತ್ರಕಾರ್ಯ ಆ ವಿದ್ಯಾರ್ಥಿಗಳ ಪಠ್ಯದ ಕಡ್ಡಾಯ ಭಾಗ. ಅವರು ಕಲಬುರಗಿ ನಗರದ ಬಡಾವಣೆಗಳಲ್ಲಿಯೇ ಅದನ್ನು ಮುಗಿಸಬೇಕೆಂದೇನೂ ಇಲ್ಲ. ನಾವು ಪತ್ರ ಬರೆದು ಕರೆಯಬೇಕು, ಉಳಿಯಲು ವ್ಯವಸ್ಥೆ ಮಾಡಬೇಕು.

ಇದು ನಮ್ಮ ನಾಡಿಗೆ ಹೊಸ ವಿಚಾರವೂ ಅಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1970ರ ದಶಕದಲ್ಲಿಯೇ ಸಕಲವಾರದ ಗ್ರಾಮೀಣ ಕೇಂದ್ರದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಆರೈಕೆಯ ತರಬೇತಿ ನೀಡತೊಡಗಿತು. 1980ರ ದಶಕದ ನಡುವಿನಲ್ಲಿ ಅದೇ ಕ್ರಮವನ್ನು ಬಳ್ಳಾರಿ ಜಿಲ್ಲೆಗೆ ಒಯ್ಯಲಾಯಿತು. ಮನೋವೈದ್ಯರಿಲ್ಲದ ಕಡೆ ಸಾಮಾನ್ಯ ವೈದ್ಯರು ಔಷಧಿ ನೀಡಿದರು, ಆರೋಗ್ಯ ಕಾರ್ಯಕರ್ತರು ರೋಗಿಗಳನ್ನು ಗುರುತಿಸಿ ಕರೆತಂದರು, ಔಷಧಿ ಬಿಟ್ಟವರನ್ನು ಮನೆಗೆ ಹೋಗಿ ಕಂಡರು. ದೇಶಕ್ಕೆ 'ಬಳ್ಳಾರಿ ಮಾದರಿ' ಎಂದು ಪರಿಚಿತವಾದ ಈ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು. ಇಂದು ಪ್ರತಿ ಜಿಲ್ಲಾ ತಂಡದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಸ್ಥಾನವಿರುವುದು ಇದೇ ಪರಂಪರೆಯಿಂದ. ಕಲ್ಯಾಣ ಕರ್ನಾಟಕದ ಒಂದು ಜಿಲ್ಲೆ ದೇಶಕ್ಕೆ ಪಾಠ ಹೇಳಿದ ಸಂಗತಿಯನ್ನು ನಮ್ಮ ಸಭೆಗಳಲ್ಲಿ ಯಾರೂ ನೆನೆಯದಿರುವುದು ನನಗೆ ಸ್ವಲ್ಪ ಬೇಸರದ ವಿಷಯ.

ನಮಗೆ ಇನ್ನೂ ಸಮೀಪದ ಉದಾಹರಣೆ ಆನೆಕಾಲು ರೋಗದ್ದು. ಕಲಬುರಗಿ ಜಿಲ್ಲೆ ಈ ರೋಗ ಹರಡಿರುವ ಜಿಲ್ಲೆಗಳಲ್ಲೊಂದು. ಸಾಮೂಹಿಕವಾಗಿ ಗುಳಿಗೆ ನುಂಗಿಸುವ ಕಾರ್ಯಕ್ರಮದಲ್ಲಿ ಸದಸ್ಯರು ಮುಂದೆ ನಿಂತು ತಾವೇ ಮೊದಲು ನುಂಗಿದ್ದನ್ನು ಕಂಡಿದ್ದೇನೆ. ಆದರೆ ಆ ಗುಳಿಗೆ ತಡೆಯುವುದು ರೋಗದ ಹರಡುವಿಕೆಯನ್ನು. ಈಗಾಗಲೇ ಬಾತಿರುವ ಕಾಲು ಅದರಿಂದ ಮೊದಲಿನಂತಾಗುವುದಿಲ್ಲ. ಅಂಥ ಕಾಲಿಗೆ ಬೇಕಾದದ್ದು ದಿನನಿತ್ಯದ ಆರೈಕೆ: ಸಾಬೂನಿನಿಂದ ಮೆಲ್ಲನೆ ತೊಳೆಯುವುದು, ಬೆರಳ ಸಂದುಗಳನ್ನು ಒಣಬಟ್ಟೆಯಿಂದ ಒರೆಸುವುದು, ಬಿರುಕಿಗೆ ಮುಲಾಮು ಹಚ್ಚುವುದು, ಮಲಗುವಾಗ ಕಾಲನ್ನು ಎತ್ತರದಲ್ಲಿಡುವುದು, ಪಾದರಕ್ಷೆ ಬಿಡದಿರುವುದು. ಇಷ್ಟು ಮಾಡಿದರೆ ಮತ್ತೆ ಮತ್ತೆ ಬರುವ ಜ್ವರ, ಕೀವು ಕಡಿಮೆಯಾಗುತ್ತವೆ, ಕೂಲಿಯ ದಿನಗಳು ಉಳಿಯುತ್ತವೆ.

ಗಡಿನಾಡು ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಸಂಸ್ಥೆಯವರು ಚರ್ಮರೋಗ ವೈದ್ಯರು, ಆಯುರ್ವೇದ ವೈದ್ಯರು ಮತ್ತು ಯೋಗ ಕಲಿಸುವವರನ್ನು ಒಂದೇ ತಂಡವಾಗಿಸಿ ಈ ಆರೈಕೆಯನ್ನು ರೂಪಿಸಿದವರು. ಅವರು ಅದನ್ನು ಸಮುದಾಯ ಮಟ್ಟದಲ್ಲಿ ಪರೀಕ್ಷಿಸಲು ಆರಿಸಿಕೊಂಡ ಎರಡು ಜಿಲ್ಲೆಗಳೆಂದರೆ ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ. ಶಿಬಿರಗಳಲ್ಲಿ ರೋಗಿಗಳಿಗೆ ತೊಳೆಯುವ, ವ್ಯಾಯಾಮದ, ಪಟ್ಟಿ ಸುತ್ತುವ ವಿಧಾನವನ್ನು ಕಲಿಸಿ ಮನೆಗೆ ಕಳುಹಿಸಿ, ತಿಂಗಳುಗಳ ನಂತರ ಮತ್ತೆ ನೋಡಲಾಯಿತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಆರೈಕೆಯನ್ನು ಮುಂದುವರಿಸಿದವರ ಬಾವು ಇಳಿದಿತ್ತು. ಆದರೆ ನೋಂದಾಯಿಸಿಕೊಂಡ ಎಲ್ಲರೂ ಮರುಭೇಟಿಗೆ ಬರಲಿಲ್ಲ. ವಿಧಾನ ಫಲ ಕೊಡುತ್ತದೆಯೆಂಬುದು ಆ ಅಧ್ಯಯನದ ಒಂದು ಪಾಠವಾದರೆ, ಶಿಬಿರ ಮುಗಿದ ಮೇಲೆ ಬೆನ್ನು ಹತ್ತುವ ಊರಿನವರೇ ಆದ ಕಾರ್ಯಕರ್ತರು ಬೇಕೆಂಬುದು, ನನ್ನ ಓದಿನಲ್ಲಿ, ಎರಡನೆಯ ಪಾಠ.

ನೆರೆಯ ದೇಶಗಳ ಅನುಭವವೂ ಇದಕ್ಕೆ ಹೊಂದುತ್ತದೆ. ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾಗಳ 30 ಗ್ರಾಮೀಣ ಸಮುದಾಯಗಳಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸರ್ಕಾರಿ ಸಮುದಾಯ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ರಕ್ತದೊತ್ತಡ ಅಳೆದು, ಕುಟುಂಬದವರೊಂದಿಗೆ ಮಾತಾಡಿ, ಅಗತ್ಯವಿದ್ದವರನ್ನು ತರಬೇತಿ ಪಡೆದ ವೈದ್ಯರ ಬಳಿಗೆ ಕಳುಹಿಸಿದರು. ಎರಡು ವರ್ಷಗಳ ಕೊನೆಗೆ ಈ ಗ್ರಾಮಗಳ ರೋಗಿಗಳ ಮೇಲಿನ ಒತ್ತಡವು ಎಂದಿನ ಚಿಕಿತ್ಸೆಯಷ್ಟೇ ಇದ್ದ ಗ್ರಾಮಗಳವರಿಗಿಂತ ಸುಮಾರು 5 ಮಿ.ಮೀ. ಹೆಚ್ಚು ಇಳಿದಿತ್ತು. ಅಂಕಿ ಸಣ್ಣದಾಗಿ ಕಾಣಬಹುದು, ಇಡೀ ಊರಿಗೆ ಅನ್ವಯಿಸಿದರೆ ಲಕ್ವ, ಹೃದಯಾಘಾತಗಳ ಲೆಕ್ಕದಲ್ಲಿ ಅದು ಸಣ್ಣದಲ್ಲ. ಪಂಚಾಯತಿಯ ಪಾತ್ರಕ್ಕೆ ಕೇರಳವನ್ನು ನೋಡಬೇಕು. 2008ರಲ್ಲಿ ಉಪಶಾಮಕ ಆರೈಕೆಯ ನೀತಿ ತಂದ ಆ ರಾಜ್ಯದಲ್ಲಿ ಸ್ಥಳೀಯ ಸಂಸ್ಥೆಗಳೇ ತಮ್ಮ ಯೋಜನಾ ಹಣದಿಂದ ಮನೆಭೇಟಿಯ ದಾದಿಯರನ್ನು ಇಟ್ಟುಕೊಂಡಿವೆ, ಊರಿನ ಸ್ವಯಂಸೇವಕರು ಅವರ ಜೊತೆ ಹೋಗುತ್ತಾರೆ.

ಇನ್ನು ತರಬೇತಿ ಹೇಗಿರಬೇಕೆಂಬ ಮುಖ್ಯ ಪ್ರಶ್ನೆ. ತಾಲ್ಲೂಕು ಸಭಾಂಗಣದಲ್ಲಿ ಬೆಳಿಗ್ಗೆ ಪರದೆಯ ಮೇಲೆ ಚಿತ್ರ ತೋರಿಸಿ, ಮಧ್ಯಾಹ್ನ ಊಟ ಬಡಿಸಿ, ಸಂಜೆ ಹಾಜರಿ ಸಹಿ ಪಡೆಯುವ ಒಂದು ದಿನದ ತರಬೇತಿಯಿಂದ ಈ ಕೆಲಸ ಕಲಿಯಲಾಗುವುದಿಲ್ಲ. ಅಂಥ ಹಲವು ತರಬೇತಿಗಳಲ್ಲಿ ನಾನೂ ಸಹಿ ಮಾಡಿದ್ದೇನೆ. ಅರ್ಧ ದಿನ ಪಾಠ, ಬಳಿಕ ಎರಡು ವಾರ ಸಮುದಾಯ ಆರೋಗ್ಯ ಅಧಿಕಾರಿಗಳ ಜೊತೆ ಮನೆಭೇಟಿ, ಮತ್ತೆ ಅರ್ಧ ದಿನ ಕೂತು ಕಂಡದ್ದರ ಚರ್ಚೆ, ಹೀಗೆ ಮೂರು ನಾಲ್ಕು ತಿಂಗಳು ನಡೆದರೆ ಕೈ ಕುದುರುತ್ತದೆ. ಖರ್ಚೂ ಕಡಿಮೆ, ಏಕೆಂದರೆ ಪಾಠ ನಡೆಯುವುದು ಆರೋಗ್ಯ ಮಂದಿರದ ಜಗಲಿಯ ಮೇಲೆ.

ಮೊದಲು ಕಲಿಯಬೇಕಾದದ್ದು ಕೇಳುವ ರೀತಿ. "ಗುಳಿಗಿ ತಗೊಂಡೀರೇನು?" ಎಂದರೆ ಯಾರಾದರೂ "ಹೂಂ" ಎನ್ನುತ್ತಾರೆ. "ಈ ವಾರದಾಗ ಎಷ್ಟು ದಿನ ಗುಳಿಗಿ ತಪ್ಪೇತಿ?" ಎಂದು ಕೇಳಿದರೆ ತಪ್ಪುವುದು ಸಹಜವೆಂಬ ಭಾವ ಮೂಡಿ ನಿಜ ಹೊರಬರುತ್ತದೆ. ಗುಳಿಗೆಯ ಹಾಳೆಯನ್ನು ತೋರಿಸಲು ಹೇಳಿ ಉಳಿದವನ್ನು ಎಣಿಸುವುದು ಇನ್ನೂ ಒಳ್ಳೆಯದು. ಕಾರಣ ತಿಳಿದ ಮೇಲೆಯೇ ಸಲಹೆ. ಒಬ್ಬರಿಗೆ ಗುಳಿಗೆಯಿಂದ ತಲೆ ತಿರುಗುತ್ತಿರಬಹುದು, ಅದನ್ನು ವೈದ್ಯರಿಗೆ ತಿಳಿಸಬೇಕು. ಇನ್ನೊಬ್ಬರಿಗೆ ತೊಗರಿ ರಾಶಿಯ ದಿನಗಳಲ್ಲಿ ಆಸ್ಪತ್ರೆಯ ಸರದಿಯಲ್ಲಿ ನಿಂತರೆ ಕೂಲಿ ಹೋಗುತ್ತದೆ. ಮತ್ತೊಬ್ಬರ ಮನೆಯಲ್ಲಿ, ದಿನವೂ ಗುಳಿಗೆ ನುಂಗುವ ಸೊಸೆಯೆಂದರೆ ತವರಿಗೆ ಕಳುಹಿಸಿಬಿಡುವ ಭಯವಿರುತ್ತದೆ. ಈ ಮೂವರಿಗೂ ಒಂದೇ ಕರಪತ್ರ ಕೊಟ್ಟು ಬಂದರೆ ಭೇಟಿಯ ಲೆಕ್ಕ ಸಿಗುತ್ತದೆ, ಅಷ್ಟೇ.

ಅಳತೆಯ ಶಿಸ್ತು ಎರಡನೆಯದು. ರೋಗಿ ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ ಕೂತಿರಬೇಕು. ಅರ್ಧ ಗಂಟೆಯೊಳಗೆ ಚಹಾ, ತಂಬಾಕು ಸೇವಿಸಿರಬಾರದು. ಪಟ್ಟಿಯನ್ನು ಬರಿ ತೋಳಿಗೆ ಸುತ್ತಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಎರಡು ಬಾರಿ ಅಳೆಯಬೇಕು. ಹೊಲದಿಂದ ಓಡಿ ಬಂದವರನ್ನು ನಿಲ್ಲಿಸಿಯೇ, ಸೀರೆಯ ಸೆರಗಿನ ಮೇಲೆಯೇ ಅಳೆದು ಬರೆದ ಅಂಕಿಯಿಂದ ವೈದ್ಯರ ನಿರ್ಣಯವೇ ತಪ್ಪುತ್ತದೆ. 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆರೋಗ್ಯ ಮಂದಿರಕ್ಕೆ ಕಳುಹಿಸುವುದು. ಮುಖ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು, ಎದೆನೋವು ಕಂಡರೆ ತಡಮಾಡದೆ 108ಕ್ಕೆ ಕರೆ ಮಾಡುವುದು. ಸಕ್ಕರೆ ಕಾಯಿಲೆಯವರ ಪಾದಗಳನ್ನು ಪ್ರತಿ ಭೇಟಿಯಲ್ಲಿಯೂ ಕಣ್ಣಾರೆ ನೋಡುವುದು. ನೋವಿಲ್ಲದ ಗಾಯವೇ ಅಲ್ಲಿ ಅಪಾಯದ್ದು.

ಗಡಿಯನ್ನೂ ಅಷ್ಟೇ ಸ್ಪಷ್ಟವಾಗಿ ಕಲಿಸಬೇಕು. ಕಾರ್ಯಕರ್ತರು ಔಷಧಿಯ ಪ್ರಮಾಣವನ್ನು ಬದಲಿಸುವಂತಿಲ್ಲ, ಒಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡುವಂತಿಲ್ಲ. ರೋಗಿಯ ಹೆಸರನ್ನು ಗ್ರಾಮಸಭೆಯಲ್ಲಾಗಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಾಗಲಿ ಹೇಳುವಂತಿಲ್ಲ. ಈ ಮಾತು ಸದಸ್ಯರಾದ ತಮಗೂ ನನಗೂ ಅನ್ವಯಿಸುತ್ತದೆ. ಮಾನಸಿಕ ಕಾಯಿಲೆ ಅಥವಾ ಕ್ಷಯದ ಸುದ್ದಿ ಒಮ್ಮೆ ಕಟ್ಟೆಯ ಮೇಲಿನ ಮಾತಾದರೆ ಆ ಮನೆಯ ಬಾಗಿಲು ಕಾರ್ಯಕರ್ತರಿಗೆ ಮತ್ತೆ ತೆರೆಯುವುದಿಲ್ಲ. ಮನಸ್ಸಿನ ತೊಂದರೆಗೆ ಯಾರಿಗೂ ಹೇಳದೆ ಮಾತಾಡಬಯಸುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅಲ್ಲಿ ಕನ್ನಡದಲ್ಲಿಯೇ ಮಾತಾಡಬಹುದು.

ನಮ್ಮ ಆಳಂದ, ಅಫಜಲಪುರ, ಜೇವರ್ಗಿ, ಯಡ್ರಾಮಿ ಭಾಗಕ್ಕೆ ವಿಶೇಷವಾಗಿ ಸೇರಿಸಬೇಕಾದ ಪಾಠ ವಲಸೆಯದು. ಮುಂಬಯಿ, ಪುಣೆ, ಬೆಂಗಳೂರಿಗೆ ಹೊರಡುವವರ ಪಟ್ಟಿಯಲ್ಲಿ ದೀರ್ಘಕಾಲೀನ ರೋಗಿಗಳು ಯಾರೆಂದು ಹೊರಡುವ ಮುನ್ನವೇ ತಿಳಿದಿರಬೇಕು. ವೈದ್ಯಾಧಿಕಾರಿಗಳು ಒಪ್ಪಿದರೆ ಒಂದು ತಿಂಗಳಿಗಿಂತ ಹೆಚ್ಚಿನ ಔಷಧಿ ಪಡೆಯುವುದು, ಔಷಧಿಯ ಹೆಸರು, ಪ್ರಮಾಣ ಮತ್ತು 14 ಅಂಕಿಗಳ ಆಭಾ ಸಂಖ್ಯೆಯನ್ನು ಬರೆದ ಚೀಟಿ ಜೊತೆಗಿಡುವುದು, ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವಂತೆ ತಿಳಿಸುವುದು, ತಿಂಗಳಿಗೊಮ್ಮೆ ದೂರವಾಣಿ ಕರೆ ಮಾಡುವುದು. ಮೇಲೆ ಹೇಳಿದ ತಾಯಿಗೆ ಇಷ್ಟು ನಡೆದಿದ್ದರೂ ಸಾಕಿತ್ತೇನೋ.

ಹಣ ಮತ್ತು ಅಧಿಕಾರದ ಬಗ್ಗೆ ಎರಡು ಮಾತು. ಉಪಕೇಂದ್ರ ಮಟ್ಟದ ಆಯುಷ್ಮಾನ್ ಆರೋಗ್ಯ ಮಂದಿರದ ಜನ ಆರೋಗ್ಯ ಸಮಿತಿಗೆ ಗ್ರಾಮ ಪಂಚಾಯತಿ ಅಧ್ಯಕ್ಷರೇ ಅಧ್ಯಕ್ಷರು, ಸಮುದಾಯ ಆರೋಗ್ಯ ಅಧಿಕಾರಿ ಸದಸ್ಯ ಕಾರ್ಯದರ್ಶಿ. ಅಂದರೆ ತಂಡವನ್ನು ಒಂದೆಡೆ ಕೂರಿಸುವ ಅಧಿಕಾರ ಈಗಾಗಲೇ ತಮ್ಮ ಕೈಯಲ್ಲಿದೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತಾ ಸಮಿತಿಗೆ ಮಾರ್ಗಸೂಚಿಯಂತೆ ವಾರ್ಷಿಕ 10,000 ರೂ. ಮುಕ್ತ ನಿಧಿ ಇದೆ. ವಿಶೇಷ ಚೇತನರಿಗೆ ಮೀಸಲಾದ ಶೇ 5ರ ಅನುದಾನವು ಅನೇಕ ಕಡೆ ಆರ್ಥಿಕ ವರ್ಷದ ಕೊನೆಯಲ್ಲಿ ಅವಸರವಸರವಾಗಿ ಖರ್ಚಾಗುತ್ತದೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದ 21 ವಿಧಗಳಲ್ಲಿ ಮಾನಸಿಕ ಕಾಯಿಲೆ, ಪಾರ್ಕಿನ್ಸನ್, ಕುಡಗೋಲು ಕಣ ರಕ್ತಹೀನತೆ ಮುಂತಾದವೂ ಸೇರಿವೆಯೆಂಬುದನ್ನು ಗಮನಿಸಿ ಫಲಾನುಭವಿಗಳನ್ನು ಮೊದಲೇ ಗುರುತಿಸಬಹುದು. ಸಾರ್ವಜನಿಕ ಆರೋಗ್ಯವು ಪಂಚಾಯತಿಯ ವ್ಯಾಪ್ತಿಗೆ ಬರುತ್ತದೆ. ಆದುದರಿಂದ ಮನೆಭೇಟಿಯ ಪ್ರಯಾಣ ವೆಚ್ಚ, ವಹಿ, ತರಬೇತಿಯ ಚಹಾ-ಉಪಾಹಾರಗಳನ್ನು 'ಆರೋಗ್ಯವಂತ ಗ್ರಾಮ' ಎಂಬ ವಿಷಯದಡಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಅಡ್ಡಿಯಿಲ್ಲ. ಔಷಧಿ ಖರೀದಿಗೆ ಮಾತ್ರ ಪಂಚಾಯತಿ ಕೈ ಹಾಕಬಾರದೆಂಬುದು ನನ್ನ ಅಭಿಪ್ರಾಯ. ಔಷಧಿಯ ಕೊರತೆಯಾದರೆ ಲಿಖಿತವಾಗಿ ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ತಿಳಿಸಿ ಪ್ರತಿಯನ್ನು ಇಟ್ಟುಕೊಳ್ಳುವುದು ಲೇಸು.

ಆಶಾ ಕಾರ್ಯಕರ್ತೆಯರ ಮೇಲೆಯೇ ಈ ಕೆಲಸವನ್ನೂ ಹೇರಬಾರದು. ಗರ್ಭಿಣಿಯರ ನೋಂದಣಿಯಿಂದ ಸಮೀಕ್ಷೆಗಳವರೆಗೆ ಅವರ ಹೊರೆ ಈಗಾಗಲೇ ತುಂಬಿದೆ. ಅವರು ಹೆಸರು ತಿಳಿಸಲಿ, ಬೆನ್ನು ಹತ್ತುವವರು ಬೇರೆಯವರಿರಲಿ.

ಇಷ್ಟು ಹೇಳುವಾಗ ನನ್ನ ಲೋಪವನ್ನೂ ಒಪ್ಪಿಕೊಳ್ಳಬೇಕು. ಗ್ರಾಮ ಪಂಚಾಯತ್ ಆರೋಗ್ಯ ಅಮೃತ ಅಭಿಯಾನದಡಿ ಪಂಚಾಯತಿಗಳಿಗೆ ರಕ್ತದೊತ್ತಡ, ಸಕ್ಕರೆ ಅಳೆಯುವ ಉಪಕರಣಗಳುಳ್ಳ ಆರೋಗ್ಯ ಕಿಟ್‌ಗಳು ಬಂದಿದ್ದವು. ನಾನು ಕೆಲಸ ಮಾಡಿದ ಕಚೇರಿಯೊಂದರಲ್ಲಿ ಅದನ್ನು ದಾಸ್ತಾನು ವಹಿಗೆ ಸೇರಿಸಿ, ಕಳುವಾಗದಿರಲೆಂದು ಬೀರುವಿನಲ್ಲಿಟ್ಟು ಬೀಗ ಹಾಕಿದವನು ನಾನೇ. ಗಾಲಿ ಕುರ್ಚಿಯ ಅರ್ಜಿ ಬಂದ ದಿನ ಅದು ನೆನಪಾಗಿ ವಿಚಾರಿಸಿದರೆ, ಸಕ್ಕರೆ ಪರೀಕ್ಷೆಯ ಪಟ್ಟಿಗಳ ಅವಧಿ ಮುಗಿದಿತ್ತು. ಉಪಕರಣ ಹೊಸದರಂತೆಯೇ ಇತ್ತು.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ವಿಷಯವನ್ನು ಮಂಡಿಸುವವರಿಗೆ ಅನುಕೂಲವಾಗಲೆಂದು ಠರಾವಿನ ತಿರುಳನ್ನು ಇಲ್ಲಿ ಕೊಡುತ್ತೇನೆ. ಜನ ಆರೋಗ್ಯ ಸಮಿತಿಯು ಪ್ರತಿ ತಿಂಗಳ ನಿಗದಿತ ದಿನ ಸೇರುವುದು. ಆ ತಿಂಗಳು ಔಷಧಿಗೆ ಬಾರದ ರೋಗಿಗಳ ಪಟ್ಟಿಯನ್ನು, ಹೆಸರು ಬಹಿರಂಗವಾಗದಂತೆ, ಸಮುದಾಯ ಆರೋಗ್ಯ ಅಧಿಕಾರಿಗಳು ಆಯಾ ವಾರ್ಡಿನ ಕಾರ್ಯಕರ್ತರಿಗೆ ನೇರವಾಗಿ ಒಪ್ಪಿಸುವುದು. ಭೇಟಿ ನೀಡಿದ ದಿನಾಂಕ, ಔಷಧಿ ನಿಂತ ಕಾರಣ, ಕೈಗೊಂಡ ಕ್ರಮ ಎಂಬ ಮೂರು ಅಂಕಣಗಳ ವಹಿಯನ್ನು ಇಡುವುದು. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮತ್ತು ಪ್ರತಿ ವಾರ್ಡಿನಿಂದ ಸಂಜೀವಿನಿ ಒಕ್ಕೂಟದ ಒಬ್ಬ ಸದಸ್ಯೆಯನ್ನು ತರಬೇತಿಗೆ ಹೆಸರಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪತ್ರ ಬರೆಯುವುದು. ಕ್ಷೇತ್ರಕಾರ್ಯದ ವಿದ್ಯಾರ್ಥಿಗಳಿಗಾಗಿ ಎರಡು ವಿಶ್ವವಿದ್ಯಾಲಯಗಳ ಸಮಾಜಕಾರ್ಯ ವಿಭಾಗಗಳಿಗೆ ಕೋರಿಕೆ ಸಲ್ಲಿಸುವುದು. ಪಂಚಾಯತಿಯ ಬೀರುವಿನಲ್ಲಿ ಆರೋಗ್ಯ ಕಿಟ್ ಇದ್ದರೆ, ಅದನ್ನು ಆರೋಗ್ಯ ಮಂದಿರಕ್ಕೆ ಸ್ವೀಕೃತಿ ಪಡೆದು ಹಸ್ತಾಂತರಿಸುವುದು.